ಪೊಲೀಸ್ ಕುಟುಂಬಗಳ ಶಿಶುಪಾಲನೆ ಮತ್ತು ಸರ್ಕಾರದ ಹೊಣೆ

೧. ವಿಷಯದ ಸ್ವರೂಪ

ತಾಯಿ ತಂದೆಗಳಿಬ್ಬರೂ ದುಡಿಮೆಗೆ ಹೊರಡುವ ಮನೆಗಳಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಕೈಗಾರಿಕಾಯುಗದ ಸಮಾಜಗಳಿಗೆಲ್ಲ ಸಮಾನವಾದುದು. ನಮ್ಮ ದೇಶದಲ್ಲಿ ಕಾರ್ಖಾನೆ ಮತ್ತು ತೋಟಗಳ ಕೆಲಸಗಾರರ ಮಟ್ಟಿಗೆ ಶಾಸನವು ಸ್ವಾತಂತ್ರ್ಯ ಬಂದ ಹೊಸದರಲ್ಲಿಯೇ ಈ ಪ್ರಶ್ನೆಗೆ ಒಂದು ಉತ್ತರವನ್ನು ಕೊಡತೊಡಗಿತು. ಆದರೆ ಸರ್ಕಾರದ ಸ್ವಂತ ನೌಕರವರ್ಗಗಳಲ್ಲಿ ಬಹು ದೊಡ್ಡದಾದ ಪೊಲೀಸ್ ದಳದ ವಿಷಯದಲ್ಲಿ ಆ ಉತ್ತರ ಇಂದಿಗೂ ಅಪೂರ್ಣವಾಗಿಯೇ ಉಳಿದಿದೆ. ಈ ಅಪೂರ್ಣತೆಯ ಸ್ವರೂಪವೇನು, ಅದಕ್ಕೆ ಕಾರಣವೇನು, ಅದನ್ನು ನೀಗಲು ಯಾವ ಕ್ರಮ ಯುಕ್ತವಾದುದು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಪೊಲೀಸ್ ಸೇವೆಯು ಮಿಕ್ಕ ಸರ್ಕಾರಿ ಸೇವೆಗಳಿಂದ ಒಂದು ಮುಖ್ಯ ಅಂಶದಲ್ಲಿ ಬೇರೆಯಾದುದು. ೧೮೬೧ರ ಪೊಲೀಸ್ ಕಾಯಿದೆಯ ೨೨ನೆಯ ಪ್ರಕರಣವು, ಪ್ರತಿಯೊಬ್ಬ ಪೊಲೀಸ್ ಅಧಿಕಾರಿಯೂ ಸದಾಕಾಲ ಕರ್ತವ್ಯದಲ್ಲಿ ಇರುವವನೆಂದೇ ಭಾವಿಸತಕ್ಕದ್ದೆಂದು ವಿಧಿಸಿತು. ಆ ಕಾಯಿದೆಯ ಸ್ಥಾನದಲ್ಲಿ ರಾಜ್ಯಗಳು ಮುಂದೆ ರಚಿಸಿಕೊಂಡ ಕಾಯಿದೆಗಳಲ್ಲಿಯೂ ಈ ಭಾವನೆ ಮುಂದುವರಿದು ಬಂದಿದೆ. ಇಂಥ ವಿಧಿಯನ್ನು ರಚಿಸಿದವರ ಕಣ್ಣೆದುರಿಗೆ ಇದ್ದವನು ಒಬ್ಬ ಪುರುಷ. ಅವನಿಗೆ ಮಕ್ಕಳಿದ್ದರೆ ಅವರನ್ನು ಸಾಕುವ ಹೆಂಗಸು ಮನೆಯಲ್ಲಿ ಇದ್ದೇ ಇರುವಳೆಂಬುದು, ಕಾಯಿದೆಯಲ್ಲಿ ಬರೆಯದಿದ್ದರೂ, ಅದರ ಹಿಂದಿದ್ದ ಗ್ರಹಿಕೆ. ಠಾಣೆಗೆ ಸ್ತ್ರೀಯರೇ ನೌಕರರಾಗಿ ಬಂದಮೇಲೆ ಈ ಗ್ರಹಿಕೆ ನಿಲ್ಲಲಾರದು. ಪೇದೆಯ ಹೆಂಡತಿಯೂ ಶಾಲೆಗೋ ಆಸ್ಪತ್ರೆಗೋ ಗಾರ್ಮೆಂಟ್ ಕಾರ್ಖಾನೆಗೋ ದುಡಿಯಲು ಹೊರಟಮೇಲೂ ಅದು ನಿಲ್ಲಲಾರದು.

ಸಂವಿಧಾನದ ನಿರ್ದೇಶಕ ತತ್ತ್ವಗಳಲ್ಲಿ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಎರಡು ವಿಧಿಗಳಿವೆ. ನ್ಯಾಯಯುತವೂ ಮಾನವೀಯವೂ ಆದ ಕೆಲಸದ ಪರಿಸ್ಥಿತಿಯನ್ನೂ ಹೆರಿಗೆಯ ಸೌಲಭ್ಯವನ್ನೂ ಕಲ್ಪಿಸಬೇಕೆಂದು ೪೨ನೆಯ ಅನುಚ್ಛೇದ ಹೇಳುತ್ತದೆ. ೨೦೦೨ರ ೮೬ನೆಯ ತಿದ್ದುಪಡಿಯ ತರುವಾಯ ೪೫ನೆಯ ಅನುಚ್ಛೇದವು ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೂ ಪಾಲನೆ ಮತ್ತು ಶಿಕ್ಷಣವನ್ನು ಒದಗಿಸಲು ರಾಜ್ಯವು ಪ್ರಯತ್ನಿಸಬೇಕೆಂದು ಹೇಳುತ್ತದೆ. ಎಲ್ಲ ಮಕ್ಕಳು ಎಂಬ ಮಾತಿನಲ್ಲಿ ಪೇದೆಯ ಮಗುವೂ ಸೇರಿದೆ ಎಂಬುದನ್ನು ಬೇರೆಯಾಗಿ ಸಾಧಿಸಬೇಕಾಗಿಲ್ಲ.

ಸರ್ಕಾರವು ದುಡಿಯುವ ತಾಯಿತಂದೆಗಳಿಗೆ ಕೊಡಬಹುದಾದ ನೆರವನ್ನು ಮೂರು ಬಗೆಯಾಗಿ ವಿಂಗಡಿಸಬಹುದು: ಮಗುವಿನೊಡನೆ ಇರಲು ಕಾಲ, ಅಂದರೆ ರಜೆ, ಮಗುವನ್ನು ಬಿಟ್ಟುಹೋಗಲು ಸ್ಥಳ, ಅಂದರೆ ಶಿಶುಪಾಲನಾ ಕೇಂದ್ರ, ಮಗುವಿನ ದಿನಚರಿಗೆ ಹೊಂದಿಕೊಳ್ಳುವಂತೆ ಕೆಲಸದ ಏರ್ಪಾಡು, ಅಂದರೆ ಸರದಿ ಮತ್ತು ನೇಮಕದ ಊರು. ಪೊಲೀಸರ ವಿಷಯದಲ್ಲಿ ಮೊದಲನೆಯದನ್ನು ಸರ್ಕಾರಗಳು ಒಪ್ಪಿಕೊಂಡಿವೆ. ಎರಡನೆಯದನ್ನು ಅಲ್ಲಲ್ಲಿ ಕೊಟ್ಟಿವೆ. ಮೂರನೆಯದನ್ನು ಬಹುಮಟ್ಟಿಗೆ ಮೇಲಧಿಕಾರಿಯ ದಾಕ್ಷಿಣ್ಯಕ್ಕೆ ಬಿಟ್ಟಿವೆ. ಮೂರನೆಯದು ಇಲ್ಲದೆ ಮೊದಲೆರಡು ಫಲಿಸಲಾರವು ಎಂಬುದೇ ಮುಂದಿನ ವಿವೇಚನೆಯ ಸಾರ.

೨. ಕೆಲಸದ ವೇಳೆ

ಧರ್ಮವೀರರ ಅಧ್ಯಕ್ಷತೆಯಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗವು ೧೯೭೯ರಲ್ಲಿ ಒಪ್ಪಿಸಿದ ತನ್ನ ಮೊದಲನೆಯ ವರದಿಯಲ್ಲಿಯೇ ಪೇದೆಗಳ ಸ್ಥಿತಿಗತಿಯನ್ನು ಎತ್ತಿಕೊಂಡು, ಅವರು ದಿನಕ್ಕೆ ೧೦ರಿಂದ ೧೬ ಗಂಟೆಗಳವರೆಗೆ, ವಾರದ ಎಲ್ಲ ದಿನವೂ ದುಡಿಯುತ್ತಾರೆಂಬುದನ್ನು ಗಮನಕ್ಕೆ ತಂದಿತು. ಅದಾದ ೩೫ ವರ್ಷಗಳ ಮೇಲೆ, ೨೦೧೪ರಲ್ಲಿ, ಕೇಂದ್ರದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗಾಗಿ ನಡೆದ ಅಧ್ಯಯನದಲ್ಲಿ ಠಾಣೆಯ ಸಿಬ್ಬಂದಿಯಲ್ಲಿ ಸುಮಾರು ಶೇಕಡ ೯೦ ಮಂದಿ ದಿನಕ್ಕೆ ೮ ಗಂಟೆಗಳಿಗಿಂತ ಹೆಚ್ಚು ಕಾಲ ಕೆಲಸ ಮಾಡುತ್ತಾರೆಂದು ತಿಳಿದುಬಂತು. ೮ ಗಂಟೆಗಳ ಪಾಳಿಯನ್ನು ಜಾರಿಗೆ ತರಬೇಕಾದರೆ ಠಾಣೆಗಳ ಮಂಜೂರಾದ ಬಲವನ್ನು ೧.೬೮ರಷ್ಟಕ್ಕೆ ಏರಿಸಬೇಕಾಗುವುದೆಂದೂ ಅದೇ ಅಧ್ಯಯನ ಲೆಕ್ಕಹಾಕಿತು. ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು ೨೦೧೯ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಪೊಲೀಸರ ಸರಾಸರಿ ದುಡಿಮೆ ದಿನಕ್ಕೆ ೧೪ ಗಂಟೆ ಎಂದು ಕಂಡಿತು.

ಇದಕ್ಕೆ ಕಾರಣವನ್ನು ಬಹು ದೂರ ಹುಡುಕಬೇಕಾಗಿಲ್ಲ. ೨೦೨೦ರ ಜನವರಿ ೧ರಂದು ದೇಶದ ಪೊಲೀಸ್ ದಳಗಳಿಗೆ ಮಂಜೂರಾಗಿದ್ದ ಹುದ್ದೆಗಳು ೨೬,೨೩,೨೨೫. ಅವುಗಳಲ್ಲಿ ಖಾಲಿ ಇದ್ದವು ೫,೩೧,೭೩೭. ಐದು ಜನರ ಕೆಲಸವನ್ನು ನಾಲ್ವರು ಹಂಚಿಕೊಳ್ಳುತ್ತಿದ್ದರೆಂದು ಇದರ ಅರ್ಥ. ಅದೇ ದಿನಾಂಕದಂದು ದಳದಲ್ಲಿದ್ದ ಸ್ತ್ರೀಯರು ೨,೧೫,೫೦೪, ಎಂದರೆ ಇದ್ದ ಬಲದಲ್ಲಿ ಶೇಕಡ ೧೦.೩. ಈ ಪ್ರಮಾಣವನ್ನು ಶೇಕಡ ೩೩ಕ್ಕೆ ಏರಿಸಬೇಕೆಂದು ಕೇಂದ್ರ ಗೃಹ ಸಚಿವಾಲಯವು ೨೦೧೩ರಿಂದ ೨೦೨೧ರವರೆಗೆ ಮತ್ತೆ ಮತ್ತೆ ರಾಜ್ಯಗಳಿಗೆ ಸಲಹೆಯನ್ನು ಕಳುಹಿಸಿತು. ಪ್ರತಿ ಠಾಣೆಯಲ್ಲಿ ಕಡೆಯಪಕ್ಷ ಮೂವರು ಮಹಿಳಾ ಸಬ್‌ಇನ್‌ಸ್ಪೆಕ್ಟರುಗಳೂ ಹತ್ತು ಮಂದಿ ಮಹಿಳಾ ಪೇದೆಗಳೂ ಇರಬೇಕೆಂಬುದು ಆ ಸಲಹೆಯ ಒಂದು ಅಂಶ. ಪೇದೆಯ ಹುದ್ದೆಗೆ ಆಯ್ಕೆಯಾಗುವವರು ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನ ವಯಸ್ಸಿನವರು. ಅವರ ಸೇವೆಯ ಮೊದಲ ಹತ್ತು ಹದಿನೈದು ವರ್ಷಗಳೇ ಮದುವೆ, ಹೆರಿಗೆ, ಮಕ್ಕಳ ಎಳೆತನಗಳ ವರ್ಷಗಳು. ಸ್ತ್ರೀಯರ ಸಂಖ್ಯೆಯನ್ನು ಮೂರರಷ್ಟು ಮಾಡಬೇಕೆನ್ನುವ ಸರ್ಕಾರವು ಶಿಶುಪಾಲನೆಯ ವಿಷಯವನ್ನು ಆನುಷಂಗಿಕ ಸೌಕರ್ಯವೆಂದು ಎಣಿಸುವುದು ಪೂರ್ವಾಪರ ಸಂಬಂಧವನ್ನು ಮರೆತಂತೆ.

೩. ರಜೆ

ಕೇಂದ್ರ ಸರ್ಕಾರವು ಆರನೆಯ ವೇತನ ಆಯೋಗದ ಶಿಫಾರಸಿನ ಮೇರೆಗೆ ೨೦೦೮ರಲ್ಲಿ ತನ್ನ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆಯನ್ನು ಮಂಜೂರು ಮಾಡಿತು. ಮೊದಲ ಇಬ್ಬರು ಮಕ್ಕಳಿಗೆ ೧೮ ವರ್ಷ ತುಂಬುವವರೆಗೆ, ಸೇವೆಯ ಒಟ್ಟು ಅವಧಿಯಲ್ಲಿ ೭೩೦ ದಿನಗಳವರೆಗೆ ಈ ರಜೆಯನ್ನು ಪಡೆಯಬಹುದು. ೨೦೧೮ರಲ್ಲಿ ಇದನ್ನು ಒಂಟಿಯಾಗಿ ಮಕ್ಕಳನ್ನು ಸಾಕುವ ತಂದೆಯರಿಗೂ ವಿಸ್ತರಿಸಲಾಯಿತು. ಮೊದಲ ೩೬೫ ದಿನಗಳಿಗೆ ಪೂರ್ಣ ವೇತನವೆಂದೂ ಉಳಿದುದಕ್ಕೆ ಶೇಕಡ ೮೦ರಷ್ಟೆಂದೂ ಗೊತ್ತುಮಾಡಲಾಯಿತು. ಕರ್ನಾಟಕ ಸರ್ಕಾರವು ೨೦೨೧–೨೨ರ ಆಯವ್ಯಯದಲ್ಲಿ ಘೋಷಿಸಿ, ೨೦೨೧ರಲ್ಲಿಯೇ ಆಜ್ಞೆ ಹೊರಡಿಸಿ, ತನ್ನ ಮಹಿಳಾ ನೌಕರರಿಗೆ ಒಟ್ಟು ೧೮೦ ದಿನಗಳ ಶಿಶುಪಾಲನಾ ರಜೆಯನ್ನು ಕೊಟ್ಟಿತು.

ಇಲ್ಲಿ ಒಂದು ವೈಷಮ್ಯವನ್ನು ಗಮನಿಸಬೇಕು. ಅಖಿಲ ಭಾರತ ಸೇವೆಗಳ ರಜಾ ನಿಯಮಗಳು ಅನ್ವಯಿಸುವುದರಿಂದ ಭಾರತೀಯ ಪೊಲೀಸ್ ಸೇವೆಗೆ ಸೇರಿದ ಮಹಿಳಾ ಅಧಿಕಾರಿಗೆ ೭೩೦ ದಿನಗಳ ಅವಕಾಶವುಂಟು. ಅದೇ ಜಿಲ್ಲೆಯಲ್ಲಿ ಅವರ ಕೈಕೆಳಗೆ ದುಡಿಯುವ ಪೇದೆಗೆ ರಾಜ್ಯದ ನಿಯಮದಂತೆ ದೊರೆಯುವುದು ೧೮೦ ದಿನ. ಕೂಲಿಯಾಳನ್ನು ಇಟ್ಟುಕೊಳ್ಳುವ ಶಕ್ತಿ ಯಾರಿಗೆ ಕಡಮೆಯೋ ಅವರಿಗೇ ರಜೆಯೂ ಕಡಮೆ.

ರಜೆಯ ಪ್ರಮಾಣಕ್ಕಿಂತಲೂ ಅದರ ಸ್ವರೂಪ ಮುಖ್ಯವಾದುದು. ಶಿಶುಪಾಲನಾ ರಜೆಯನ್ನು ಹಕ್ಕಾಗಿ ಕೇಳುವಂತಿಲ್ಲವೆಂದೂ ಪೂರ್ವಾನುಮತಿಯಿಲ್ಲದೆ ಅದರ ಮೇಲೆ ತೆರಳುವಂತಿಲ್ಲವೆಂದೂ ಕೇಂದ್ರದ ಆದೇಶಗಳು ಸ್ಪಷ್ಟಪಡಿಸಿವೆ. ಸಚಿವಾಲಯದ ಕಚೇರಿಯಲ್ಲಿ ಒಬ್ಬ ಗುಮಾಸ್ತೆ ರಜೆಯ ಮೇಲೆ ಹೋದರೆ ಕಡತ ನಾಲ್ಕು ದಿನ ತಡವಾದೀತು. ಠಾಣೆಯಲ್ಲಿ ಒಬ್ಬ ಪೇದೆ ಹೋದರೆ ಆ ರಾತ್ರಿಯ ಗಸ್ತನ್ನು ಇನ್ನೊಬ್ಬರು ಮಾಡಲೇಬೇಕು. ಮಹಿಳಾ ಆರೋಪಿಯನ್ನು ಕರೆದೊಯ್ಯಬೇಕಾಗಿ ಬಂದರೆ ಆ ಇನ್ನೊಬ್ಬರೂ ಹೆಂಗಸೇ ಆಗಿರಬೇಕು. ಜಾತ್ರೆ, ಚುನಾವಣೆ, ಗಣ್ಯರ ಭೇಟಿಗಳ ಬಂದೋಬಸ್ತಿನ ಕಾಲದಲ್ಲಂತೂ ರಜೆಯ ಮಾತೇ ಏಳುವುದಿಲ್ಲ. ಆದುದರಿಂದ ಕಾಗದದ ಮೇಲೆ ಎಲ್ಲ ಇಲಾಖೆಗಳಿಗೂ ಒಂದೇ ಆಗಿರುವ ರಜೆಯು ಠಾಣೆಯ ಬಾಗಿಲಿಗೆ ಬರುವಾಗ ಬೇರೆಯೇ ಆಗಿರುತ್ತದೆ.

ಈ ಸಂದರ್ಭದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೪ರ ಏಪ್ರಿಲಿನಲ್ಲಿ ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜೊಂದರ ಸಹಾಯಕ ಪ್ರಾಧ್ಯಾಪಕಿಯ ಮೊಕದ್ದಮೆಯಲ್ಲಿ ವ್ಯಕ್ತಪಡಿಸಿದ ಅಭಿಪ್ರಾಯ ಮನನಯೋಗ್ಯವಾದುದು. ವಿಶೇಷ ಆರೈಕೆ ಬೇಕಾದ ಮಗುವಿನ ತಾಯಿಗೆ ಶಿಶುಪಾಲನಾ ರಜೆಯನ್ನು ನಿರಾಕರಿಸಿದ ಪ್ರಕರಣವದು. ದುಡಿಮೆಯಲ್ಲಿ ಸ್ತ್ರೀಯರು ಪಾಲುಗೊಳ್ಳುವುದು ಯಾರೋ ದಯಪಾಲಿಸುವ ವಿಶೇಷ ಸೌಲಭ್ಯವಲ್ಲ, ಸಂವಿಧಾನವೇ ಕೊಟ್ಟ ಅಧಿಕಾರವೆಂದೂ, ಮಾದರಿ ಮಾಲೀಕನಾಗಿರಬೇಕಾದ ಸರ್ಕಾರವು ಇದನ್ನು ಮರೆಯಬಾರದೆಂದೂ ನ್ಯಾಯಾಲಯ ಹೇಳಿತು. ಮಾತು ಕಾಲೇಜಿನ ಅಧ್ಯಾಪಕಿಯ ವಿಷಯವಾಗಿ ಬಂದುದಾದರೂ ಅದರ ತರ್ಕವು ಪೇದೆಗೂ ಸಲ್ಲುತ್ತದೆ.

೪. ಶಿಶುಪಾಲನಾ ಕೇಂದ್ರಗಳು

ಕೆಲಸದ ಸ್ಥಳದಲ್ಲಿ ಮಕ್ಕಳಿಗೆ ಆಶ್ರಯ ಕಲ್ಪಿಸಬೇಕೆಂಬ ವಿಧಿ ನಮ್ಮಲ್ಲಿ ಹೊಸದಲ್ಲ. ೧೯೪೮ರ ಕಾರ್ಖಾನೆಗಳ ಕಾಯಿದೆಯ ೪೮ನೆಯ ಪ್ರಕರಣವು ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಪಾಲನಾ ಕೋಣೆಯನ್ನು ಕಡ್ಡಾಯ ಮಾಡಿತು. ೧೯೭೬ರಲ್ಲಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಲಾಯಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಿಗೆ ಅನ್ವಯಿಸಿದ ೧೯೫೧ರ ತೋಟಕಾರ್ಮಿಕರ ಕಾಯಿದೆಯಲ್ಲಿಯೂ ಇಂಥ ವಿಧಿಯಿತ್ತು. ೧೯೬೧ರ ಹೆರಿಗೆ ಸೌಲಭ್ಯ ಕಾಯಿದೆಗೆ ೨೦೧೭ರಲ್ಲಿ ಆದ ತಿದ್ದುಪಡಿಯು ಹೆರಿಗೆ ರಜೆಯನ್ನು ೨೬ ವಾರಗಳಿಗೆ ಏರಿಸಿ, ಐವತ್ತು ಮಂದಿ ನೌಕರರುಳ್ಳ ಪ್ರತಿ ಸಂಸ್ಥೆಯಲ್ಲಿಯೂ ಶಿಶುಪಾಲನಾ ವ್ಯವಸ್ಥೆ ಇರಬೇಕೆಂದೂ, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕೆಂದೂ ವಿಧಿಸಿತು. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆ ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದಾಗ ಶಿಶುಪಾಲನಾ ವ್ಯವಸ್ಥೆಯ ಈ ವಿಧಿಯನ್ನು ಉಳಿಸಿಕೊಂಡಿತು.

ಈ ಶಾಸನಗಳ ಕ್ರಮದಲ್ಲಿ ಒಂದು ಬೆಳವಣಿಗೆಯನ್ನು ಗುರುತಿಸಬಹುದು. ಹಳೆಯ ಕಾಯಿದೆಗಳು ಹೆಂಗಸರ ತಲೆಗಳನ್ನು ಎಣಿಸಿದವು. ೨೦೧೭ರ ತಿದ್ದುಪಡಿ ನೌಕರರೆಲ್ಲರನ್ನೂ ಎಣಿಸಿತು. ಮಗು ತಾಯಿಯೊಬ್ಬಳದೇ ಅಲ್ಲವೆಂಬ ತಿಳಿವಳಿಕೆಯತ್ತ ಇದೊಂದು ಹೆಜ್ಜೆ. ಆದರೆ ಈ ವಿಧಿಗಳೆಲ್ಲ ಕಾರ್ಖಾನೆ, ತೋಟ, ಅಂಗಡಿ, ವಾಣಿಜ್ಯ ಸಂಸ್ಥೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದವು. ಪೊಲೀಸ್ ನೌಕರರನ್ನು ಆಳುವುದು ಸೇವಾನಿಯಮಗಳು. ಅಲ್ಲದೆ ಐವತ್ತು ಜನ ಒಂದೇ ಕಟ್ಟಡದಲ್ಲಿ ಒಂದೇ ವೇಳೆಯಲ್ಲಿ ದುಡಿಯುವ ಕಾರ್ಖಾನೆಯ ಚಿತ್ರವನ್ನು ಹೋಬಳಿಯ ಚಿಕ್ಕ ಠಾಣೆಗೆ ಹೊಂದಿಸುವುದೂ ಕಷ್ಟ.

ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಸ್ಥಿತಿ ಸ್ವಲ್ಪ ಉತ್ತಮವಾಗಿದೆ. ಕೇಂದ್ರ ಮೀಸಲು ಪೊಲೀಸ್ ಪಡೆಯಲ್ಲಿ ೧೯೮೬ರಲ್ಲಿಯೇ ಮಹಿಳೆಯರ ಒಂದು ದಳ ರಚಿತವಾಯಿತು. ಈ ಪಡೆಗಳಲ್ಲಿ ಶಿಶುಪಾಲನಾ ಕೇಂದ್ರಗಳನ್ನು ಏರ್ಪಡಿಸಿರುವುದಾಗಿ ಗೃಹ ಸಚಿವಾಲಯ ಸಂಸತ್ತಿಗೆ ತಿಳಿಸಿದೆ. ಪಡೆಯ ಸಿಬ್ಬಂದಿ ಒಂದು ಆವರಣದಲ್ಲಿ ಒಟ್ಟಾಗಿ ವಾಸಿಸುವುದರಿಂದ ಅಲ್ಲಿ ಇದು ಸುಲಭಸಾಧ್ಯ. ಆದರೆ ಪೊಲೀಸು ಸಂವಿಧಾನದ ಏಳನೆಯ ಅನುಸೂಚಿಯಂತೆ ರಾಜ್ಯಪಟ್ಟಿಗೆ ಸೇರಿದ ವಿಷಯ. ಠಾಣೆಗಳ ಸಿಬ್ಬಂದಿಯ ಹೊಣೆ ರಾಜ್ಯ ಸರ್ಕಾರಗಳದು.

ಸಾರ್ವಜನಿಕ ಶಿಶುಪಾಲನಾ ಯೋಜನೆಗಳಿಂದ ಈ ಕೊರತೆ ತುಂಬೀತೆ? ೨೦೧೭ರಿಂದ ರಾಜ್ಯಗಳ ಮೂಲಕ ನಡೆದ ರಾಷ್ಟ್ರೀಯ ಶಿಶುಪಾಲನಾ ಯೋಜನೆಯು ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗಾಗಿ ಏರ್ಪಟ್ಟಿತ್ತು. ೨೦೨೨ರಲ್ಲಿ ಅದನ್ನು ಮಿಷನ್ ಶಕ್ತಿಯ ಅಂಗವಾದ ಪಾಲನಾ ಯೋಜನೆಯಾಗಿ ಮಾರ್ಪಡಿಸಲಾಯಿತು. ಕರ್ನಾಟಕವು ೨೦೨೩ರ ಆಯವ್ಯಯದಲ್ಲಿ ೪,೦೦೦ ಗ್ರಾಮಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಸಾರಿತು. ಇವು ಕೂಲಿಕಾರ ತಾಯಂದಿರಿಗೆ ಬಹಳ ಉಪಕಾರಿಯಾದ ಯೋಜನೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ರಾಷ್ಟ್ರೀಯ ಯೋಜನೆಯ ಕೇಂದ್ರವು ದಿನಕ್ಕೆ ಏಳೂವರೆ ಗಂಟೆಗಳಂತೆ ತಿಂಗಳಿಗೆ ೨೬ ದಿನ ತೆರೆದಿರಬೇಕೆಂಬುದು ನಿಯಮವಾಗಿತ್ತು. ಒಟ್ಟು ೧೯೫ ಗಂಟೆ. ಅದೇ ೨೬ ದಿನಗಳಲ್ಲಿ ದಿನಕ್ಕೆ ೧೪ ಗಂಟೆಯಂತೆ ದುಡಿಯುವ ಪೇದೆ ಮನೆಯಿಂದ ಹೊರಗಿರುವುದು ೩೬೪ ಗಂಟೆ. ಉಳಿದ ೧೬೯ ಗಂಟೆಗಳ ಕಾಲ ಮಗು ಎಲ್ಲಿರಬೇಕೆಂಬುದಕ್ಕೆ ಯೋಜನೆಯಲ್ಲಿ ಉತ್ತರವಿಲ್ಲ. ರಾತ್ರಿಪಾಳಿಯನ್ನು ಲೆಕ್ಕಕ್ಕೆ ತಂದರೆ ತೊಡಕು ಇನ್ನೂ ಹೆಚ್ಚು. ಬೀಗ ಹಾಕಿದ ಕೇಂದ್ರವು ಎಷ್ಟು ಸಮೀಪದಲ್ಲಿದ್ದರೂ ಪ್ರಯೋಜನವಿಲ್ಲ.

ಕೇಂದ್ರವನ್ನು ಎಲ್ಲಿ ನಡೆಸಬೇಕೆಂಬುದೂ ವಿಚಾರಾರ್ಹ. ಮೊಲೆಯುಣ್ಣುವ ಕೂಸು ತಾಯಿಯ ಕೆಲಸದ ಸ್ಥಳಕ್ಕೆ ಹತ್ತಿರವಿರಬೇಕು. ಆದರೆ ಆರೋಪಿಗಳೂ ನೊಂದವರೂ ಹಗಲಿರುಳು ಬಂದುಹೋಗುವ ಠಾಣೆ ಮಕ್ಕಳು ಬೆಳೆಯತಕ್ಕ ಸ್ಥಳವಲ್ಲ. ಇಪ್ಪತ್ತೈದು ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಎಂಬ ರಾಷ್ಟ್ರೀಯ ಯೋಜನೆಯ ಪ್ರಮಾಣವನ್ನು ಇಟ್ಟುಕೊಂಡರೂ, ಒಂದು ಠಾಣೆಯಲ್ಲಿ ಅಷ್ಟು ಮಕ್ಕಳು ಸಿಗುವುದು ಅಪೂರ್ವ. ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆವರಣಗಳೂ ಪೊಲೀಸ್ ವಸತಿಗೃಹಗಳ ಸಮೂಹಗಳೂ ಇದಕ್ಕೆ ಹೆಚ್ಚು ತಕ್ಕವು. ಅಲ್ಲಿ ಹಲವು ಠಾಣೆಗಳ ಮಕ್ಕಳು ಕೂಡುತ್ತಾರೆ, ನೆರೆಹೊರೆಯ ಪರಿಚಯವಿರುತ್ತದೆ. ೧೯೮೫ರಲ್ಲಿ ಸ್ಥಾಪಿತವಾದ ರಾಜ್ಯದ ಪೊಲೀಸ್ ವಸತಿ ನಿಗಮವು ವಸತಿಗೃಹಗಳನ್ನು ಕಟ್ಟುವ ಕಾರ್ಯವನ್ನು ನಿರ್ವಹಿಸುತ್ತ ಬಂದಿದೆ. ಹೊಸ ಸಮೂಹದ ನಕ್ಷೆಯಲ್ಲಿಯೇ ಶಿಶುಪಾಲನೆಗೆ ಎರಡು ಕೋಣೆ, ಒಂದು ಅಡಿಗೆಮನೆ, ಒಂದು ಅಂಗಳವನ್ನು ಸೇರಿಸಿದರೆ ಆಗುವ ಹೆಚ್ಚಿನ ವೆಚ್ಚ ಅಲ್ಪವಾದುದು. ಖಾಯಂ ವೆಚ್ಚ ಬೀಳುವುದು ಆರೈಕೆ ಮಾಡುವವರ ಸಂಬಳಕ್ಕೆ; ಅದರಲ್ಲಿ ಜಿಪುಣತನ ತೋರಿದರೆ ಕೇಂದ್ರ ಉಳಿಯುವುದಿಲ್ಲ.

ಅಮೆರಿಕ ಸಂಯುಕ್ತ ಸಂಸ್ಥಾನವು ತನ್ನ ಸೈನಿಕರ ವಿಷಯದಲ್ಲಿ ಈ ಪಾಠವನ್ನು ಕಲಿತು, ೧೯೮೯ರಲ್ಲಿ ಸೈನಿಕ ಶಿಶುಪಾಲನಾ ಕಾಯಿದೆಯನ್ನು ಮಾಡಿತು. ಆರೈಕೆ ಮಾಡುವವರ ವೇತನ ಮತ್ತು ತರಬೇತಿ, ಕೇಂದ್ರಗಳ ತನಿಖೆ, ಕುಟುಂಬದ ವರಮಾನಕ್ಕೆ ತಕ್ಕ ಶುಲ್ಕ ಇವುಗಳನ್ನು ಆ ಕಾಯಿದೆ ಗೊತ್ತುಮಾಡಿತು. ಮಗು ಕ್ಷೇಮವಾಗಿದೆಯೆಂಬ ನಿಶ್ಚಿಂತೆಯಿಲ್ಲದ ಸೈನಿಕನಿಂದ ಸಮರ್ಥ ಸೇವೆಯನ್ನು ನಿರೀಕ್ಷಿಸಲಾಗದೆಂಬುದು ಅದರ ಹಿಂದಿನ ತರ್ಕ. ಪೊಲೀಸರ ಮಕ್ಕಳ ಪಾಲನೆಗೂ ಅನುದಾನ ಕೊಡಬೇಕೆಂಬ ಮಸೂದೆಗಳು ಈಚಿನ ವರ್ಷಗಳಲ್ಲಿ ಅಲ್ಲಿನ ಶಾಸನಸಭೆಯಲ್ಲಿ ಮಂಡನೆಯಾಗಿವೆ.

೫. ಸರದಿ ಮತ್ತು ನೇಮಕದ ಊರು

೨೦೧೮ರ ಅಕ್ಟೋಬರಿನಲ್ಲಿ ಉತ್ತರಪ್ರದೇಶದ ಝಾನ್ಸಿಯ ಒಂದು ಠಾಣೆಯಲ್ಲಿ ಮೇಜಿನ ಮೇಲೆ ಆರು ತಿಂಗಳ ಕೂಸನ್ನು ಮಲಗಿಸಿಕೊಂಡು ಬರೆಯುತ್ತ ಕುಳಿತಿದ್ದ ಮಹಿಳಾ ಪೇದೆಯ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ರಾಜ್ಯದ ಪೊಲೀಸ್ ಮಹಾನಿರ್ದೇಶಕರು ಆಕೆಯನ್ನು ಶ್ಲಾಘಿಸಿ, ಆಕೆಯ ಮನೆಯವರಿದ್ದ ಆಗ್ರಾಕ್ಕೆ ವರ್ಗ ಮಾಡಿಸಿದರು. ಅಧಿಕಾರಿಯ ಸಹೃದಯತೆ ಮೆಚ್ಚತಕ್ಕದ್ದೇ. ಆದರೆ ಈ ಘಟನೆಯಿಂದ ಹೊರಡುವ ತಾತ್ಪರ್ಯ ಬೇರೆ. ಆಕೆಗೆ ಬೇಕಾಗಿದ್ದುದು ಅಜ್ಜಿಯೋ ಅತ್ತೆಯೋ ಇರುವ ಊರಿನಲ್ಲಿ ಕೆಲಸ. ಅದನ್ನು ಒದಗಿಸಲು ಸರ್ಕಾರಕ್ಕೆ ಖರ್ಚೇನೂ ಬೀಳಲಿಲ್ಲ. ಆದರೂ ಒಂದು ಚಿತ್ರ ಪ್ರಸಿದ್ಧವಾಗುವವರೆಗೆ ಅದು ಆಗಲಿಲ್ಲ. ಚಿತ್ರ ಪ್ರಸಿದ್ಧವಾಗದ ಮಿಕ್ಕ ತಾಯಂದಿರಿಗೆ ನಿಯಮವೊಂದೇ ಗತಿ.

ಇಂಥ ನಿಯಮಗಳ ಕಡೆಗೆ ಕೆಲವು ರಾಜ್ಯಗಳು ಹೆಜ್ಜೆಯಿಟ್ಟಿವೆ. ತಮಿಳುನಾಡಿನಲ್ಲಿ ಮಹಿಳಾ ಪೊಲೀಸರ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ, ೨೦೨೩ರ ಮಾರ್ಚಿಯಲ್ಲಿ, ಅವರ ಬೆಳಗಿನ ಹಾಜರಿಯ ವೇಳೆಯನ್ನು ೭ ಗಂಟೆಯಿಂದ ೮ ಗಂಟೆಗೆ ಬದಲಾಯಿಸುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು. ಒಂದು ಗಂಟೆ ಎಂಬುದು ಕೇಳಲು ಅಲ್ಪ; ಮಗುವನ್ನು ಎಬ್ಬಿಸಿ, ಉಣಿಸಿ, ಶಾಲೆಗೆ ಸಿದ್ಧಪಡಿಸುವ ಮನೆಯಲ್ಲಿ ಅದರ ಬೆಲೆ ದೊಡ್ಡದು. ಹೆರಿಗೆ ರಜೆ ಮುಗಿಸಿ ಬರುವ ಮಹಿಳಾ ಪೊಲೀಸರಿಗೆ ಮೂರು ವರ್ಷಗಳ ಕಾಲ ತಾಯಿತಂದೆಯರೋ ಗಂಡನ ಮನೆಯವರೋ ಇರುವ ಊರಿನಲ್ಲಿ ನೇಮಕ ಕೊಡುವುದಾಗಿ ೨೦೨೪ರ ಆಗಸ್ಟಿನಲ್ಲಿ ಅದೇ ಸರ್ಕಾರ ಸಾರಿತು. ಮಹಾರಾಷ್ಟ್ರದ ಪೊಲೀಸ್ ಮಹಾನಿರ್ದೇಶಕರು ನಾಗಪುರ ಮೊದಲಾದೆಡೆಗಳಲ್ಲಿ ಪ್ರಯೋಗ ನಡೆಸಿ, ೨೦೨೨ರ ಜನವರಿಯಲ್ಲಿ ಮಹಿಳಾ ಸಿಬ್ಬಂದಿಯ ಕೆಲಸದ ಅವಧಿಯನ್ನು ೧೨ ಗಂಟೆಗಳಿಂದ ೮ ಗಂಟೆಗಳಿಗೆ ಇಳಿಸಲು ಆಜ್ಞೆ ಮಾಡಿದರು. ಮುಂಬಯಿಯ ದೇವನಾರ ಠಾಣೆಯಲ್ಲಿ ೨೦೧೬ರಲ್ಲಿಯೇ ಎಲ್ಲ ಪೇದೆಗಳಿಗೂ ೮ ಗಂಟೆಗಳ ಪಾಳಿಯ ಪ್ರಯೋಗ ನಡೆದಿತ್ತು.

ಸರದಿಪಟ್ಟಿಯನ್ನು ಒಂದು ವಾರ ಮುಂಚಿತವಾಗಿ ತಿಳಿಸುವುದು, ಗಂಡ ಹೆಂಡಿರಿಬ್ಬರೂ ಪೊಲೀಸರಾಗಿದ್ದರೆ ಇಬ್ಬರಿಗೂ ಒಂದೇ ರಾತ್ರಿ ಪಾಳಿ ಬಾರದಂತೆ ನೋಡುವುದು, ಎಳೆಯ ಮಕ್ಕಳುಳ್ಳವರನ್ನು ದೂರದ ಬಂದೋಬಸ್ತಿಗೆ ಕೊನೆಯ ಸರದಿಯಲ್ಲಿ ಕಳುಹಿಸುವುದು ಇವೂ ಇದೇ ಜಾತಿಯ ಕ್ರಮಗಳು. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಕಿಲ್ಲ. ಬೇಕಾದುದು ಲಿಖಿತ ನಿಯಮ ಮತ್ತು ಅದನ್ನು ಪಾಲಿಸಿದರೇ ಎಂದು ಕೇಳುವ ಮೇಲ್ವಿಚಾರಣೆ.

೬. ಎರಡು ಆಕ್ಷೇಪಗಳು

ದಾದಿಯರಿಗೂ ಬಸ್ ನಿರ್ವಾಹಕಿಯರಿಗೂ ಇದೇ ಕಷ್ಟವಿರುವಾಗ ಪೊಲೀಸರಿಗೇಕೆ ವಿಶೇಷ ಎಂಬುದು ಮೊದಲನೆಯ ಆಕ್ಷೇಪ. ಅವರ ಕಷ್ಟವೂ ನಿಜವೇ. ಅದಕ್ಕೂ ಪರಿಹಾರ ಬೇಕು. ಆದರೆ ಅವರಿಗೆ ಸಂಘ ಕಟ್ಟಿ ಬೇಡಿಕೆಯಿಡುವ ಸ್ವಾತಂತ್ರ್ಯವಿದೆ. ಸಂವಿಧಾನದ ೩೩ನೆಯ ಅನುಚ್ಛೇದವನ್ನು ಆಧರಿಸಿದ ೧೯೬೬ರ ಪೊಲೀಸ್ ದಳಗಳ ಕಾಯಿದೆಯು, ಅನುಮತಿಯಿಲ್ಲದೆ ಕಾರ್ಮಿಕ ಸಂಘಕ್ಕೆ ಸೇರುವುದನ್ನು ಪೊಲೀಸರಿಗೆ ನಿಷೇಧಿಸಿದೆ. ೨೦೧೬ರ ಜೂನಿನಲ್ಲಿ ಕರ್ನಾಟಕದ ಪೇದೆಗಳು ಸಾಮೂಹಿಕ ರಜೆಯ ವಿಚಾರವೆತ್ತಿದಾಗ ಅದು ಶಿಸ್ತಿನ ಪ್ರಶ್ನೆಯಾಗಿ ಪರಿಣಮಿಸಿದುದನ್ನು ನಾಡು ಕಂಡಿದೆ. ಕೇಳುವ ಬಾಯನ್ನು ಕಟ್ಟಿದ ಸರ್ಕಾರಕ್ಕೆ, ಕೇಳದೆಯೇ ಅರಿತು ಕೊಡುವ ಹೊಣೆ ಹೆಚ್ಚಾಗುತ್ತದೆ.

ಸ್ತ್ರೀಯರಿಗೆ ಇಷ್ಟೆಲ್ಲ ರಿಯಾಯಿತಿ ಕೊಟ್ಟರೆ ಪುರುಷರ ಮೇಲೆ ಭಾರ ಬಿದ್ದು, ಠಾಣಾಧಿಕಾರಿಗಳು ಸ್ತ್ರೀಯರನ್ನೇ ಬೇಡವೆನ್ನುವರು ಎಂಬುದು ಎರಡನೆಯದು. ಈ ಆಕ್ಷೇಪದಲ್ಲಿ ಹುರುಳಿದೆ. ಖಾಲಿ ಹುದ್ದೆಗಳನ್ನು ತುಂಬದೆ ಒಬ್ಬರ ಭಾರವನ್ನು ಇಳಿಸಿದರೆ ಅದು ಇನ್ನೊಬ್ಬರ ಹೆಗಲೇರುತ್ತದೆ. ಆದುದರಿಂದಲೇ ನೆರವನ್ನು ತಾಯಿಯ ಹೆಸರಿಗೆ ಮಾತ್ರ ಬರೆಯದೆ ಮಗುವಿನ ಹೆಸರಿಗೆ ಬರೆಯಬೇಕು. ಕೇಂದ್ರದ ನಿಯಮದಲ್ಲಿ ತಂದೆಗೆ ಹೆರಿಗೆಯ ಕಾಲದಲ್ಲಿ ದೊರೆಯುವುದು ೧೫ ದಿನಗಳ ರಜೆ. ಶಿಶುಪಾಲನಾ ಕೇಂದ್ರ, ಗೊತ್ತಾದ ಸರದಿ, ವಾರದ ರಜೆ ಇವು ಪುರುಷ ಪೇದೆಗೂ ದೊರೆತರೆ ಅವನು ತಂದೆಯ ಕರ್ತವ್ಯವನ್ನು ಮಾಡಬಲ್ಲನು. ಸ್ತ್ರೀಯರೂ ಸಹೋದ್ಯೋಗಿಗಳ ಕಣ್ಣಿನಲ್ಲಿ ಹೊರೆಯಾಗಿ ಕಾಣಿಸರು.

೭. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಹೊರಪಡುವ ಅಂಶಗಳು ಇವು. ಪೊಲೀಸರ ಮಕ್ಕಳ ಪಾಲನೆಗೆ ಕೊಡುವ ನೆರವನ್ನು ಅವರ ಕೆಲಸದ ಗಂಟೆಗಳಿಂದ ಅಳೆಯಬೇಕು. ಕಚೇರಿಯ ವೇಳೆಗೆ ರಚಿಸಿದ ಯೋಜನೆ ಅವರಿಗೆ ಒದಗುವುದಿಲ್ಲ. ರಜೆಯನ್ನು ಪೇದೆಗೂ ಮೇಲಧಿಕಾರಿಗೂ ಸಮವಾಗಿ ಕೊಡಬೇಕು. ಶಿಶುಪಾಲನಾ ಕೇಂದ್ರಗಳನ್ನು ವಸತಿಗೃಹಗಳ ಬಳಿ, ರಾತ್ರಿಯೂ ತೆರೆದಿರುವಂತೆ ನಡೆಸಬೇಕು. ಸರದಿಯನ್ನೂ ನೇಮಕದ ಊರನ್ನೂ ಲಿಖಿತ ನಿಯಮಕ್ಕೆ ಒಳಪಡಿಸಬೇಕು. ಇವೆಲ್ಲಕ್ಕೂ ತಳಹದಿಯಾಗಿ ಖಾಲಿ ಹುದ್ದೆಗಳನ್ನು ತುಂಬಬೇಕು.

೨೦೧೭ರಲ್ಲಿ ನೀಲಮಣಿ ಎನ್. ರಾಜು ಅವರು ಕರ್ನಾಟಕದ ಪೊಲೀಸ್ ದಳಕ್ಕೆ ಮುಖ್ಯಸ್ಥರಾದ ಮೊದಲ ಮಹಿಳೆಯೆನಿಸಿದರು. ಏಣಿಯ ತುದಿಯನ್ನು ಸ್ತ್ರೀ ಮುಟ್ಟಬಲ್ಲಳೆಂಬುದು ಅದರಿಂದ ಸಿದ್ಧವಾಯಿತು. ಏಣಿಯ ಕೆಳಮೆಟ್ಟಲಲ್ಲಿ ನಿಂತ ಪೇದೆ ಅಲ್ಲಿಯೇ ನಿಲ್ಲುವಳೋ, ಇಳಿದುಹೋಗುವಳೋ, ಮೇಲೇರುವಳೋ ಎಂಬುದು ಮಾತ್ರ, ರಾತ್ರಿ ಗಸ್ತಿಗೆ ಕರೆ ಬಂದಾಗ ಆಕೆಯ ಕೂಸನ್ನು ಎತ್ತಿಕೊಳ್ಳುವ ಕೈ ಇದೆಯೇ ಎಂಬುದನ್ನು ಅವಲಂಬಿಸಿದೆ. ಆ ಕೈಯನ್ನು ಇಂದಿನವರೆಗೆ ಒದಗಿಸುತ್ತ ಬಂದವರು ಅಜ್ಜಿಯರು, ಅತ್ತೆಯರು, ನೆರೆಮನೆಯವರು. ನಾಡಿನ ಶಾಂತಿಪಾಲನೆಯ ಈ ಲೆಕ್ಕವಿಲ್ಲದ ವೆಚ್ಚವನ್ನು ಸರ್ಕಾರವು ತನ್ನ ಆಯವ್ಯಯ ಪತ್ರದಲ್ಲಿ ಬರೆದುಕೊಳ್ಳುವ ಕಾಲ ಬಂದಿದೆ.